ಮಲ್ಲಿಗೆ ಬೂದು ಬಣ್ಣಕ್ಕೆ ಬರುತ್ತಿದೆ, ಉಳಿದಿರುವುದು ಇನ್ನು 14 ಫೋಟೋ

ಮೈಸೂರು_ಒಂಬತ್ತನೇ_ಕ್ಲಾಸ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿದ್ದೇನೆ. ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಪ್ರತಿ ಶನಿವಾರ ಎರಡು ಪೀರಿಯಡ್ ಫೋಟೋಗ್ರಫಿ ಇದೆ. ನಾವು 22 ಜನ, ಕ್ಯಾಮೆರಾ ನಾಲ್ಕೇ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲನೇ ಕ್ಲಾಸಿನಲ್ಲಿ ಮಿಸ್ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಎಲ್ಲರೂ ಮನೆಯಿಂದ ಶೂ ಡಬ್ಬ ತನ್ನಿ ಎಂದಿದ್ದರು. ಒಂದು ಕಡೆ ಸೂಜಿಯಲ್ಲಿ ತೂತು, ಎದುರು ಕಡೆ ಬಟರ್ ಪೇಪರ್ ಅಂಟಿಸಿದೆವು. ತಲೆ ಮೇಲೆ ಕಂಬಳಿ ಹೊದ್ದುಕೊಂಡು ನೋಡಿದರೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಗ್ರೌಂಡಿನ ಗುಲ್‌ಮೊಹರ್ ಮರ ತಲೆಕೆಳಗಾಗಿ ನಿಂತಿತ್ತು, ಬಣ್ಣ ಸಮೇತ, ಗಾಳಿಗೆ ಎಲೆ ಅಲ್ಲಾಡುತ್ತಿತ್ತು. ನಾನು ಯಾವ ಸ್ವಿಚ್ಚೂ ಹಾಕಿರಲಿಲ್ಲ, ಆದರೂ ಮರ ಡಬ್ಬದ ಒಳಗೆ ಬಂದಿತ್ತು. ಅವತ್ತು ಮನೆಗೆ ಬಂದು ಅಜ್ಜಿಗೆ, ತಮ್ಮನಿಗೆ, ಪಕ್ಕದ ಮನೆ ಆಂಟಿಗೆ ಎಲ್ಲರಿಗೂ ತೋರಿಸಿದೆ.

ಆಮೇಲೆ ಅಪರ್ಚರ್ (ಬೆಳಕು ಬರುವ ತೂತಿನ ಅಳತೆ, ಅದೇ ಎಫ್ ನಂಬರ್), ಶಟರ್ (ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ) ಬಂತು. ನಂಬರ್ ದೊಡ್ಡದಾದರೆ ತೂತು ಚಿಕ್ಕದು ಅನ್ನುವುದು ಎರಡು ವಾರ ತಲೆಗೆ ಹೋಗಲೇ ಇಲ್ಲ. ಮಿಸ್ ಒಂದು ಹೋಳಿಗೆಯ ಲೆಕ್ಕ ಹೇಳಿದರು: 4 ಜನ ಹಂಚಿಕೊಂಡರೆ ಪಾಲು ದೊಡ್ಡದು, 16 ಜನ ಹಂಚಿಕೊಂಡರೆ ಚಿಕ್ಕದು, ಎಫ್ 4 ಮತ್ತು ಎಫ್ 16 ಕೂಡ ಅಷ್ಟೇ. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಈಗ ಕೊಟ್ಟಿರುವ ಕೆಲಸ ಹೀಗಿದೆ. ಒಬ್ಬೊಬ್ಬರಿಗೆ ಹತ್ತು ದಿನ ಕ್ಯಾಮೆರಾ. ಒಟ್ಟು 36 ಫೋಟೋ ಮಾತ್ರ ತೆಗೆಯಬೇಕು, ಹಳೇ ಕಾಲದ ರೀಲಿನ ಹಾಗೆ. ಡಿಲೀಟ್ ಮಾಡುವಂತಿಲ್ಲ. ಪ್ರತಿ ಫೋಟೋಗೂ ನೋಟ್‌ಬುಕ್ಕಿನಲ್ಲಿ ಮೂರು ನಂಬರ್ ಬರೆದು, ಯಾಕೆ ತೆಗೆದೆ ಅಂತ ಒಂದು ಸಾಲು ಬರೆಯಬೇಕು. ಕೊನೆಗೆ ಐದು ಫೋಟೋ ಆರಿಸಿ ಶಾಲೆಯ ಗೋಡೆಗೆ ಹಾಕುತ್ತಾರೆ. ನನ್ನದು 22 ಮುಗಿಯಿತು. 14 ಉಳಿದಿದೆ, ನಾಲ್ಕು ದಿನ ಉಳಿದಿದೆ.

ದೇವರಾಜ ಮಾರ್ಕೆಟ್ಟಿಗೆ ಬೆಳಿಗ್ಗೆ ಅಪ್ಪನ ಜೊತೆ ಹೋಗಿದ್ದೆ. ಮಲ್ಲಿಗೆ ರಾಶಿಯ ಹತ್ತಿರ ಬಗ್ಗಿ ಫ್ರೇಮ್ ತುಂಬಾ ಹೂವು ಬರುವ ಹಾಗೆ ತೆಗೆದೆ. ಕಣ್ಣಿಗೆ ಅಷ್ಟು ಬೆಳ್ಳಗಿದ್ದ ಹೂವು ಫೋಟೋದಲ್ಲಿ ನೆನ್ನೆಯ ಹೂವಿನ ಹಾಗೆ ಬೂದಾಗಿ ಬಂತು. ಮೂರು ಸಲ ತೆಗೆದೆ, ಮೂರೂ ಹಾಗೇ. ಫೋಕಸ್ ಎಲ್ಲಾ ಸರಿ ಇದೆ.

ಅಜ್ಜಿ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ಅಲ್ಲಿ ಒಂದೇ ಕಿಟಕಿ, ಅದು ಅಜ್ಜಿಯ ಬೆನ್ನ ಹಿಂದೆ. ಕಿಟಕಿ ಚೆನ್ನಾಗಿ ಬಂತು, ಅಜ್ಜಿಯ ಮುಖ ಕಪ್ಪು. ಫ್ಲ್ಯಾಶ್ ಹಾಕಿದರೆ ಆಧಾರ್ ಕಾರ್ಡ್ ಫೋಟೋ ಥರ ಆಗುತ್ತದೆ.

ಮೂರನೆಯದನ್ನು ಹೇಳಲು ಸ್ವಲ್ಪ ಕಷ್ಟ ಆಗುತ್ತಿದೆ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತಿದ್ದ ಒಬ್ಬ ಅಮ್ಮನ ಫೋಟೋ ಕೇಳದೆ ತೆಗೆದೆ. ಅವರು ಸೆರಗು ಮುಖಕ್ಕೆ ಅಡ್ಡ ಹಿಡಿದು, "ನನ್ನ ಯಾಕವ್ವ ತೆಗೀತೀಯ, ಹೂವ ತೆಕ್ಕೋ" ಎಂದರು. ಬೈಯಲಿಲ್ಲ. ಆದರೂ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಆ ಫೋಟೋ 19ನೇದು, ಡಿಲೀಟ್ ಮಾಡುವಂತೆಯೂ ಇಲ್ಲ. ನೋಟ್‌ಬುಕ್ಕಿನಲ್ಲಿ ಯಾಕೆ ತೆಗೆದೆ ಅನ್ನುವ ಸಾಲು ಇನ್ನೂ ಖಾಲಿ ಇದೆ.

ಕೊನೆಯ ಮತ್ತು ದೊಡ್ಡ ಪ್ರಶ್ನೆ. ಹೋದ ವರ್ಷ ಏನೂ ಗೊತ್ತಿಲ್ಲದಾಗ ಅಪ್ಪನ ಫೋನಿನಲ್ಲಿ ಅಜ್ಜಿ ನಗುವ ಫೋಟೋ ತೆಗೆದಿದ್ದೆ. ಸ್ವಲ್ಪ ಅಲ್ಲಾಡಿದೆ, ಒಂದು ಕಿವಿ ಕಟ್ ಆಗಿದೆ. ಆದರೆ ಮನೆಯವರೆಲ್ಲರ ಡಿಪಿ ಅದೇ. ಈಗಿನ 22 ಫೋಟೋದಲ್ಲಿ ಅಂಥದ್ದು ಒಂದೂ ಇಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದ ತಕ್ಷಣ ತಲೆಯಲ್ಲಿ ನಂಬರ್ ಓಡುತ್ತದೆ, ಅಷ್ಟರಲ್ಲಿ ಅಜ್ಜಿ ನಗು ನಿಲ್ಲಿಸಿರುತ್ತಾರೆ. ಕಲಿತಿದ್ದರಿಂದಲೇ ಕೆಟ್ಟಿತಾ? ನಿಮಗೆಲ್ಲಾ ಹೀಗೆ ಆಗಿತ್ತಾ?

---

ಹಾಸನ_ಸ್ಟುಡಿಯೋ

ಪುಟ್ಟಿ, ಪೂರ್ತಿ ಓದಿದೆ. ನಾನು 1994ರಿಂದ ಹಾಸನದಲ್ಲಿ ಸ್ಟುಡಿಯೋ ನಡೆಸುತ್ತಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್, ಎಲ್ಲಾ ಮಾಡಿದ್ದೇನೆ.

ಮೊದಲು ಮಲ್ಲಿಗೆ. ತಪ್ಪು ನಿನ್ನದಲ್ಲ. ಕ್ಯಾಮೆರಾದ ಒಳಗಿನ ಮೀಟರ್‌ಗೆ ಮುಂದಿರುವುದು ಮಲ್ಲಿಗೆಯೋ ಇದ್ದಿಲೋ ಗೊತ್ತಾಗುವುದಿಲ್ಲ. ಬರುವ ಬೆಳಕನ್ನು ಅಳೆದು, ಎಲ್ಲಾ ಸೇರಿ ಮಧ್ಯಮ ಬೂದು ಬಣ್ಣಕ್ಕೆ ಬರಬೇಕು ಅಂತ ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ವಾಪಸ್ ಕೊಡುವ ಬೂದು ಅಂತ ನಮಗೆ ಹೇಳಿಕೊಟ್ಟಿದ್ದರು. ಹಾಗಾಗಿ ಫ್ರೇಮ್ ತುಂಬಾ ಬಿಳಿ ಇದ್ದರೆ ಬೆಳಕು ಜಾಸ್ತಿ ಆಯಿತು ಅಂದುಕೊಂಡು ಕಡಿಮೆ ಮಾಡುತ್ತದೆ. ಕಪ್ಪು ಇದ್ದರೆ ಉಲ್ಟಾ. ನಿಮ್ಮ ಚಾಮುಂಡಿ ಬೆಟ್ಟದ ನಂದಿಯನ್ನು ಫ್ರೇಮ್ ತುಂಬಾ ತೆಗೆದು ನೋಡು, ಎಣ್ಣೆಗಪ್ಪು ಹೋಗಿ ಬೂದಿ ಬಳಿದ ಹಾಗೆ ಬರುತ್ತದೆ.

ಪ್ಲಸ್ ಮೈನಸ್ ಗುರುತು ಇರುವ ಒಂದು ಬಟನ್ ಇದೆಯಲ್ಲ, ಮಲ್ಲಿಗೆಗೆ ಅದನ್ನು ಪ್ಲಸ್ 1 ಮಾಡು. ಸಾಲದಿದ್ದರೆ ಇನ್ನೊಂದು ಚೂರು ಏರಿಸು. ನಂದಿಗೆ ಮೈನಸ್ 1. ಬಿಳಿ ಎಸಳಿನ ಗೆರೆಗಳು ಕಾಣಬೇಕು, ಅವು ಮಾಯವಾದರೆ ಜಾಸ್ತಿ ಆಯಿತು ಅಂತ ಅರ್ಥ. ನಮ್ಮ ಧಾರೆ ಮಂಟಪದಲ್ಲಿ ದಿನಾ ಇದೇ ಪಾಡು, ವರ ಬಿಳಿ ಪಂಚೆ, ವಧು ಗಾಢ ಮರೂನ್ ಸೀರೆ, ಇಬ್ಬರೂ ಒಂದೇ ಫ್ರೇಮಿನಲ್ಲಿ. ಅಲ್ಲಿ ನಾನು ಬಟ್ಟೆಯನ್ನು ಅಳೆಯುವುದೇ ಇಲ್ಲ. ಅದೇ ಬೆಳಕಿನಲ್ಲಿ ನನ್ನ ಅಂಗೈ ಹಿಡಿದು ಅಳೆಯುತ್ತೇನೆ, ಅದಕ್ಕಿಂತ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಜಾಸ್ತಿ ಕೊಟ್ಟು, ಕ್ಯಾಮೆರಾ ತಾನೇ ಬದಲಾಯಿಸದ ಹಾಗೆ ಮ್ಯಾನುವಲ್‌ನಲ್ಲಿ ಬಿಟ್ಟುಬಿಡುತ್ತೇನೆ. ನಿನ್ನ ಅಂಗೈಗೆ ಎಷ್ಟು ಬೇಕು ಅಂತ ಒಂದು ಸಲ ನೀನೇ ನೋಡಿಟ್ಟುಕೋ.

ಅಜ್ಜಿಯ ಅಡುಗೆಮನೆಗೆ ಫ್ಲ್ಯಾಶ್ ಬೇಡವೇ ಬೇಡ. ಟಿವಿ, ಫ್ರಿಜ್ ಡಬ್ಬದಲ್ಲಿ ಬರುವ ಬಿಳಿ ಥರ್ಮೋಕೋಲ್ ಶೀಟ್ ಮನೆಯಲ್ಲಿ ಇದೆಯಾ ನೋಡು. ಇಲ್ಲದಿದ್ದರೆ ಒಂದು ಬಿಳಿ ಪಂಚೆ ಸಾಕು. ತಮ್ಮನಿಗೆ ಅಜ್ಜಿಯ ಎದುರು ಸ್ವಲ್ಪ ಪಕ್ಕಕ್ಕೆ ಹಿಡಿದು ನಿಲ್ಲಲು ಹೇಳು. ಕಿಟಕಿಯ ಬೆಳಕು ಅದಕ್ಕೆ ಬಡಿದು ಮುಖಕ್ಕೆ ಬರುತ್ತದೆ. ಹತ್ತಿರ ತಂದಷ್ಟೂ ಮುಖ ಬೆಳಗುತ್ತದೆ. ಇದೇ ಕೆಲಸವನ್ನು ದೊಡ್ಡದಾಗಿ ಮಾಡಿದವರು ನಿಮ್ಮ ಮೈಸೂರಿನಲ್ಲೇ ಹುಟ್ಟಿದ ವಿ.ಕೆ. ಮೂರ್ತಿಯವರು. ಗುರುದತ್ ಸಿನಿಮಾದ ಒಂದು ಹಾಡಿಗೆ ಸ್ಟುಡಿಯೋ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಹೊಡೆಸಿ, ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಸಿನಿಮಾಟೋಗ್ರಾಫರ್‌ಗಳಲ್ಲಿ ಮೊದಲು ಫಾಲ್ಕೆ ಪ್ರಶಸ್ತಿ ಬಂದದ್ದು ಅವರಿಗೇ. ನೀನು ಕನ್ನಡಿ ಬಳಸಿದರೆ ಅಜ್ಜಿಯ ಕಣ್ಣಿಗೆ ನೇರ ಹೊಡೆಸಬೇಡ, ಗೋಡೆಗೆ ಹೊಡೆಸು.

ಇನ್ನು ನಿನ್ನ ದೊಡ್ಡ ಪ್ರಶ್ನೆ. ಎಲ್ಲರಿಗೂ ಆಗುತ್ತದೆ ಮಗಳೇ. ನಾನು ಅಸಿಸ್ಟೆಂಟ್ ಆಗಿದ್ದಾಗ, ನನ್ನ ಗುರುಗಳು ಒಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟಿದ್ದ ಮೊದಲ ಮದುವೆಯಲ್ಲಿ, ಗಟ್ಟಿಮೇಳ ಶುರುವಾಯಿತು, ಅಕ್ಷತೆ ಹಾರುತ್ತಿದೆ, ನಾನು ಬಗ್ಗಿ ಎಫ್ ನಂಬರ್ ತಿರುಗಿಸುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಗುರುಗಳ ಕ್ಯಾಮೆರಾದಲ್ಲಿ ಬಂದಿದ್ದರಿಂದ ಮರ್ಯಾದೆ ಉಳಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟೇ, ನಂಬರಿನ ಕೆಲಸ ಗಟ್ಟಿಮೇಳಕ್ಕೆ ಮೊದಲೇ ಮುಗಿಸಿಕೊಂಡಿರು. ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಮಂಟಪಕ್ಕೆ ಹೋದ ತಕ್ಷಣ ಖಾಲಿ ಮಣೆಯನ್ನೇ ಅಳೆದು ಮೂರೂ ನಂಬರ್ ಸೆಟ್ ಮಾಡಿ, ಆಮೇಲೆ ಆ ಕಡೆ ನೋಡುವುದಿಲ್ಲ, ಜನರ ಮುಖ ಮಾತ್ರ ನೋಡುತ್ತೇನೆ. ರೀಲಿನಲ್ಲೂ ಅಷ್ಟೇ, 30 ದಾಟಿದ್ದು ಮುಹೂರ್ತ ಹತ್ತಿರ ಇದ್ದರೆ ಉಳಿದ ಆರು ಹೋದರೆ ಹೋಗಲಿ ಅಂತ ಹೊಸ ರೀಲು ಹಾಕುತ್ತಿದ್ದೆವು.

ನೀನೂ ಅಜ್ಜಿ ಬರುವ ಮೊದಲೇ ತಮ್ಮನನ್ನು ಆ ಜಾಗದಲ್ಲಿ ಕೂರಿಸಿ ಬೆಳಕು ಅಳೆದಿಡು. ಅಡುಗೆಮನೆಯ ಬೆಳಕು ಅರ್ಧ ಗಂಟೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಅಜ್ಜಿ ಬಂದು ಕೂತ ಮೇಲೆ ಅವರ ಹತ್ತಿರ ಮಾತಾಡು, ಡಯಲ್ ಮುಟ್ಟಬೇಡ.

ಹೂವಿನ ಅಮ್ಮನ ವಿಷಯಕ್ಕೆ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡ. ಮೊದಲೇ ಕೇಳಿದರೆ ಜನ ಸೆಟೆದು ನಿಲ್ಲುತ್ತಾರೆ. ತೆಗೆದ ಮೇಲೆ ತೋರಿಸಿದರೆ ಖುಷಿಪಡುತ್ತಾರೆ.

---

ಶಿರಸಿ_ಕಡೆಯ_ಮೇಷ್ಟ್ರು

ಹಾಸನದ ಅಣ್ಣ ಹೇಳಿದ್ದು ಚೆನ್ನಾಗಿದೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ನಮ್ಮ ಶಾಲೆಯಲ್ಲಿ ಕ್ಯಾಮೆರಾನೇ ಇಲ್ಲ. ಹಾಗಾಗಿ ನಿನ್ನ ಶೂ ಡಬ್ಬದ ಭಾಗ ಎರಡು ಸಲ ಓದಿದೆ.

ಡಬ್ಬದಲ್ಲಿ ಚಿತ್ರ ಅಷ್ಟು ಮಂಕಾಗಿ ಯಾಕಿತ್ತು ಅಂತ ನಿನ್ನ ಹೋಳಿಗೆ ಲೆಕ್ಕದಲ್ಲೇ ಕಂಡುಹಿಡಿಯಬಹುದು. ತೂತಿನಿಂದ ಪೇಪರಿಗೆ 15 ಸೆಂಟಿಮೀಟರ್, ಅಂದರೆ 150 ಮಿಲಿಮೀಟರ್ ಅಂದುಕೋ. ತೂತು ಅರ್ಧ ಮಿಲಿಮೀಟರ್. ದೂರವನ್ನು ತೂತಿನ ಅಗಲದಿಂದ ಭಾಗಿಸಿದರೆ ಎಫ್ ನಂಬರ್ ಬರುತ್ತದೆ, 150ನ್ನು ಅರ್ಧದಿಂದ ಭಾಗಿಸಿದರೆ 300. ನಿನ್ನ ಡಬ್ಬ ಎಫ್ 300ರ ಕ್ಯಾಮೆರಾ. ಎಫ್ 16ಕ್ಕೆ ಹೋಲಿಸಿದರೆ ಅದರೊಳಗೆ ಬರುವ ಬೆಳಕು ಸುಮಾರು 350 ಪಟ್ಟು ಕಡಿಮೆ. ಕಣ್ಣು ಒಗ್ಗಲು ಅಷ್ಟು ಹೊತ್ತು ಹಿಡಿದದ್ದು ಅದಕ್ಕೇ. ತೂತು ದೊಡ್ಡದು ಮಾಡಿದರೆ ಮರ ಬೆಳಗುತ್ತದೆ, ಆದರೆ ಕಲಸಿಹೋಗುತ್ತದೆ. ತೀರಾ ಚಿಕ್ಕದು ಮಾಡಿದರೂ ಮತ್ತೆ ಮಸುಕಾಗುತ್ತದೆ, ಬೆಳಕು ಸಣ್ಣ ತೂತಿನ ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಬೇರೆ ಬೇರೆ ಸೂಜಿಯಲ್ಲಿ ಮೂರು ತೂತು ಮಾಡಿ ನೋಡು.

ಇನ್ನೊಂದು ಮಾತು, ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 22 ಜನಕ್ಕೆ ನಾಲ್ಕು ಕ್ಯಾಮೆರಾ ಅಂದರೆ ಪ್ರತಿ ಸಲ 18 ಮಕ್ಕಳು ಸುಮ್ನೆ ಕೂತಿರುತ್ತಾರೆ ಅಲ್ವಾ. ನಿಮ್ಮ ಮಿಸ್‌ಗೆ ಸಯನೋಟೈಪ್ ಬಗ್ಗೆ ಹೇಳು. ಕ್ಯಾಮೆರಾ ಇಲ್ಲದೆ ಬಿಸಿಲಿನಲ್ಲೇ ನೀಲಿ ಚಿತ್ರ ಮಾಡಬಹುದಾದ, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಅದು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್, ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿಟ್ಟು, ಬೇಕಾದಾಗ ಸಮ ಸಮ ಸೇರಿಸಿ, ಮಂದ ಬೆಳಕಿನಲ್ಲಿ ಡ್ರಾಯಿಂಗ್ ಹಾಳೆಗೆ ಬ್ರಷ್‌ನಿಂದ ಸವರಿ ಒಣಗಿಸಬೇಕು. ಆ ಕೆಲಸ ದೊಡ್ಡವರೇ ಗ್ಲೌಸ್ ಹಾಕಿಕೊಂಡು ಮಾಡಬೇಕು. ಮಕ್ಕಳು ಹಾಳೆಯ ಮೇಲೆ ಎಲೆ ಇಟ್ಟು, ಮೇಲೊಂದು ಗಾಜು ಇಟ್ಟು, ಬಿಸಿಲಿಗೆ ಹಿಡಿಯುತ್ತಾರೆ. ನಮ್ಮಲ್ಲಿ ಜನವರಿಯ ಬಿಸಿಲಿಗೆ ಹತ್ತು ನಿಮಿಷ ಸಾಕಾಗುತ್ತದೆ. ಮಳೆಗಾಲದಲ್ಲಿ ಪ್ರಯತ್ನವನ್ನೇ ಮಾಡುವುದಿಲ್ಲ. ಆಮೇಲೆ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗ ಕಡುನೀಲಿ, ಎಲೆ ಇದ್ದ ಜಾಗ ಬಿಳಿ. ಇಂಗ್ಲೆಂಡಿನಲ್ಲಿ ಅನ್ನಾ ಅಟ್ಕಿನ್ಸ್ ಅನ್ನುವವರು 1843ರಿಂದ ಇದೇ ರೀತಿ ಕಡಲ ಪಾಚಿಗಳನ್ನು ಅಚ್ಚು ಮಾಡಿ ಪುಸ್ತಕವನ್ನೇ ತಂದರು. ನಮ್ಮ ಮಕ್ಕಳು ಜರಿಗಿಡದ ಎಲೆ ತರುತ್ತಾರೆ. ಬಕೆಟ್ ನೀರಿನಲ್ಲಿ ನೀಲಿ ಮೂಡುವಾಗ ಇಡೀ ಕ್ಲಾಸ್ ಬಕೆಟ್ ಸುತ್ತ ಬಗ್ಗಿರುತ್ತದೆ. ನಾನು ಎಷ್ಟು ವರ್ಷದಿಂದ ನೋಡುತ್ತಿದ್ದರೂ ನನಗೂ ಆಗ ಬೇರೆ ಕಡೆ ನೋಡಲು ಆಗುವುದಿಲ್ಲ.

---

ಪತ್ರಿಕೆ_ಫೋಟೋ_ಅಕ್ಕ

ಹಾಸನದ ಸರ್, ಉಳಿದದ್ದೆಲ್ಲಾ ಒಪ್ಪುತ್ತೇನೆ, ಕೊನೆಯ ಮಾತು ಒಪ್ಪುವುದಿಲ್ಲ. ಮದುವೆಗೆ ಬಂದವರಿಗೆ ಫೋಟೋಗ್ರಾಫರ್ ಇರುತ್ತಾರೆ ಅಂತ ಗೊತ್ತಿರುತ್ತದೆ. ಮಾರ್ಕೆಟ್ಟಿನಲ್ಲಿ ಕೂತವರು ಫೋಟೋಗೆ ಅಂತ ಬಂದವರಲ್ಲ, ವ್ಯಾಪಾರಕ್ಕೆ ಬಂದವರು. ಆ ಅಮ್ಮ ಸೆರಗು ಅಡ್ಡ ಹಿಡಿದರು ಅಂದರೆ ಉತ್ತರ ಕೊಟ್ಟಾಯಿತು.

ತಂಗಿ, ನಾನು ನಿಮ್ಮೂರಿನ ಕಾವಾದಲ್ಲಿ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು) ಫೋಟೋಗ್ರಫಿ ಓದಿದವಳು, ಈಗ ಪತ್ರಿಕೆಯಲ್ಲಿದ್ದೇನೆ. ಓದುವಾಗ ನಾನೂ ದೇವರಾಜ ಮಾರ್ಕೆಟ್ಟಿನಲ್ಲಿ ನಿನ್ನ ಥರಾನೇ ಓಡಾಡಿದ್ದೇನೆ. ಊರಿಗೆ ಬಂದವರೆಲ್ಲಾ ಅಲ್ಲಿ ಕುಂಕುಮದ ರಾಶಿ ಮತ್ತು ಹೂವಿನವರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಒಂದು ಪ್ರಿಂಟ್ ಕೊಟ್ಟವರು ಎಷ್ಟು ಜನ ಇರಬಹುದು, ಯೋಚನೆ ಮಾಡು.

ನಾನು ಮಾಡುವುದು ಹೀಗೆ. ಮೊದಲ ದಿನ ಕ್ಯಾಮೆರಾ ಬ್ಯಾಗಿನಿಂದ ತೆಗೆಯುವುದೇ ಇಲ್ಲ. ಎರಡು ಮೊಳ ಹೂವು ಕೊಳ್ಳುತ್ತೇನೆ, ಮಾತಾಡುತ್ತೇನೆ. ಎರಡನೇ ದಿನ ಕೇಳುತ್ತೇನೆ. ಮುಖ ಬೇಡ ಅಂದರೆ ಕೈ ತೆಗೀಲಾ ಅಂತ ಕೇಳುತ್ತೇನೆ. ಕೇಳಿದರೆ ಸೆಟೆದು ನಿಲ್ಲುತ್ತಾರೆ ಅನ್ನುವುದು ನಿಜ, ಐದು ನಿಮಿಷ ಸೆಟೆದಿರುತ್ತಾರೆ. ಆಮೇಲೆ ಗಿರಾಕಿ ಬರುತ್ತಾರೆ, ನನ್ನನ್ನು ಮರೆತು ಕೆಲಸ ಶುರು ಮಾಡುತ್ತಾರೆ. ಆ ಐದು ನಿಮಿಷ ಕಾಯಬೇಕು ಅಷ್ಟೇ. ಹೂ ಕಟ್ಟುವ ಕೈ ಬಹಳ ಬೇಗ ಆಡುತ್ತದೆ. ಶಟರ್ 1/60 ಸೆಕೆಂಡ್ ಇದ್ದರೆ ಬೆರಳು ಕಲಸುತ್ತದೆ, ಗಂಟು ಹಾಕುವ ಕ್ಷಣ ಸ್ಪಷ್ಟ ಬೇಕೆಂದರೆ 1/250 ಇಡು, ಮಾರ್ಕೆಟ್ ಒಳಗೆ ಮಬ್ಬಾದ್ದರಿಂದ ಐಎಸ್‌ಒ 1600 ಆದರೂ ಪರವಾಗಿಲ್ಲ. ಸ್ವಲ್ಪ ಕಾಳು ಕಾಳು ಬಂದರೆ ಯಾರೂ ಏನೂ ಅನ್ನುವುದಿಲ್ಲ.

ನಿಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡು. 1923ರಲ್ಲಿ ಹುಟ್ಟಿದವರು, ವಿ.ಕೆ. ಮೂರ್ತಿಯವರೂ ಅದೇ ವರ್ಷ, ಒಂದೇ ಊರು. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಅವರು ಜಾಸ್ತಿ ತೆಗೆದದ್ದು ಸಾಮಾನ್ಯ ಜನರನ್ನು, ಮಕ್ಕಳನ್ನು. ಅವರ ಫೋಟೋದಲ್ಲಿ ಯಾರೂ ಕದ್ದು ನೋಡಿದ ಹಾಗೆ ಕಾಣುವುದಿಲ್ಲ. ಹತ್ತಿರದಲ್ಲಿ ನಿಂತು, ಅವರ ಪಾಡಿಗೆ ಅವರನ್ನು ಬಿಟ್ಟು ತೆಗೆದ ಹಾಗೆ ಇರುತ್ತವೆ.

19ನೇ ಫೋಟೋ ಗೋಡೆಗೆ ಹಾಕಬೇಡ. ಆದರೆ ನೋಟ್‌ಬುಕ್ಕಿನ ಸಾಲು ಖಾಲಿ ಬಿಡಬೇಡ, ಏನಾಯಿತೋ ಅದನ್ನೇ ಬರೆ.

ಅಜ್ಜಿಯ ಹಳೇ ಫೋಟೋ ಬಗ್ಗೆ ಒಂದು ಮಾತು. ಆ ಫೋಟೋದಲ್ಲಿ ಅಜ್ಜಿ ಯಾಕೆ ನಗುತ್ತಿದ್ದರು, ನೆನಪಿದೆಯಾ? ನೀನು ಏನೋ ಹೇಳಿದ್ದಕ್ಕೇ ಇರಬೇಕು. ಈಗ ನೀನು ಕ್ಯಾಮೆರಾ ಹಿಡಿದ ತಕ್ಷಣ ಸುಮ್ಮನಾಗಿಬಿಡುತ್ತೀಯ ಅನ್ನಿಸುತ್ತದೆ. ಎದುರಿಗೆ ಕೂತವರಿಗೂ ಆಗ ಮಾತು ನಿಂತುಹೋಗುತ್ತದೆ.

---

ಹಾಸನ_ಸ್ಟುಡಿಯೋ

ಅಕ್ಕ ಹೇಳಿದ್ದು ಸರಿ. ನಾನು ಮದುವೆ ಮನೆಯ ಅಭ್ಯಾಸದಲ್ಲೇ ಹೇಳಿಬಿಟ್ಟೆ. ಪುಟ್ಟಿ, ಅವರ ಮಾತು ಕೇಳು. ಪ್ರಿಂಟ್ ಹಾಕಿಸುವಾಗ 4×6 ಮ್ಯಾಟ್ ಪೇಪರ್ ಕೇಳು. ಹೂವಿನವರ ಕೈ ಯಾವಾಗಲೂ ಒದ್ದೆ ಇರುತ್ತದೆ, ಗ್ಲಾಸಿ ಮೇಲೆ ಬೆರಳಚ್ಚು ನಿಲ್ಲುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಇನ್ನೂ ಒಳ್ಳೆಯದು.

---

ಮೈಸೂರು_ಒಂಬತ್ತನೇ_ಕ್ಲಾಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೆನ್ನೆ ಮತ್ತು ಇವತ್ತು ಏನಾಯಿತು ಅಂತ ಹೇಳುತ್ತೇನೆ.

ಥರ್ಮೋಕೋಲ್ ಸಿಗಲಿಲ್ಲ, ತಾತನ ಪಂಚೆ ಹಿಡಿದೆವು. ತಮ್ಮ ಹತ್ತೇ ನಿಮಿಷಕ್ಕೆ ಕೈ ನೋವು ಅಂತ ಶುರು ಮಾಡಿದ, ಅದಕ್ಕೆ ಎರಡು ಕುರ್ಚಿ ಮೇಲೆ ಹಾಕಿ ಕ್ಲಿಪ್ ಹಾಕಿದೆವು. ಅಂಕಲ್ ಹೇಳಿದ ಹಾಗೆ ಅಜ್ಜಿ ಬರುವ ಮೊದಲೇ ನಂಬರ್ ಎಲ್ಲಾ ಸೆಟ್ ಮಾಡಿಟ್ಟೆ: ಎಫ್ 4, 1/60, ಐಎಸ್‌ಒ 800. ಆಮೇಲೆ ನಾನೂ ಕೂತು ಒಂದು ಕೈಯಲ್ಲಿ ಅವರೆಕಾಳು ಹಿದುಕಿದೆ. ಅಕ್ಕ, ನೀವು ಹೇಳಿದ್ದು ನಿಜ, ಹೋದ ವರ್ಷ ಅಜ್ಜಿ ನಕ್ಕಿದ್ದು ನಾನು ಅವರ ಹಳೇ ಹೆಡ್‌ಮಾಸ್ಟರ್ ಥರ ಮಾತಾಡಿ ತೋರಿಸಿದ್ದಕ್ಕೆ. ಈ ಸಲ ಅಜ್ಜಿಯೇ ಅವರ ಶಾಲೆಯ ಕಥೆ ಹೇಳಿದರು. ಮೂರು ಫೋಟೋ ತೆಗೆದೆ. ಎರಡರಲ್ಲಿ ಕೈ ಅಲ್ಲಾಡಿದೆ. ಒಂದರಲ್ಲಿ ಅಜ್ಜಿ ಕಾಳು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದಾರೆ, ನಗುತ್ತಿಲ್ಲ, ಆದರೆ ಮುಖ ಪೂರ್ತಿ ಕಾಣುತ್ತದೆ, ಕೆನ್ನೆಯ ಹಚ್ಚೆ ಚುಕ್ಕೆ ಸಮೇತ. ಅಮ್ಮ ಅದನ್ನು ತುಂಬಾ ಹೊತ್ತು ನೋಡಿದರು.

ಮಲ್ಲಿಗೆ ಪ್ಲಸ್ 1ರಲ್ಲಿ ಬೆಳ್ಳಗೆ ಬಂತು!

ಹೂವಿನ ಅಮ್ಮನ ಹತ್ತಿರ ಇವತ್ತು ಬೆಳಿಗ್ಗೆ ಹೋಗಿ ಎರಡು ಮೊಳ ಕೊಂಡೆ. ಕ್ಯಾಮೆರಾ ತೆಗೆಯಲಿಲ್ಲ. ಅವತ್ತು ಕೇಳದೆ ತೆಗೆದಿದ್ದು ತಪ್ಪಾಯಿತು ಎಂದೆ. ಅವರು ನನ್ನನ್ನು ಗುರುತು ಹಿಡಿದರು, "ಯಾವ ಸ್ಕೂಲು" ಅಂತ ಕೇಳಿದರು, ಒಂದು ಚೂರು ಹೂವು ಜಾಸ್ತಿ ಕೊಟ್ಟರು. ನಾಳೆ ಕೈ ತೆಗೀಲಾ ಅಂತ ಕೇಳಿದೆ. ನೋಡೋಣ ಬಾ ಎಂದಿದ್ದಾರೆ. ಹತ್ತು ಫೋಟೋ ಉಳಿದಿದೆ. 1/250, ಐಎಸ್‌ಒ 1600 ಅಂತ ಈಗಲೇ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ.

ಮೇಷ್ಟ್ರೇ, ಸಯನೋಟೈಪ್ ವಿಷಯ ಮಿಸ್‌ಗೆ ತೋರಿಸಿದೆ. ಡ್ರಾಯಿಂಗ್ ಹಾಳೆ ಎಷ್ಟು ದಪ್ಪ ಇರಬೇಕು ಅಂತ ಕೇಳಿದ್ದಾರೆ.